ಬುಧವಾರ ರಾತ್ರಿ 8ಕ್ಕೆ ಕೊಲಂಬೋದಲ್ಲಿರಬೇಕು

ಟಿಕೆಟ್ ಬುಕ್ ಆಗಿ ಮೂರು ದಿನ ಆಯಿತು. 2025ರ ಫೆಬ್ರವರಿ 17ರ ಸೋಮವಾರ ಹೋಗುವುದು, 22ರ ಶನಿವಾರ ವಾಪಸ್. ಅಪ್ಪ, ಅವ್ವ, ನಾನು. ಇಷ್ಟನ್ನು ಗಟ್ಟಿಯಾಗಿ ಹೇಳುವುದಕ್ಕೆ ನಮಗೆ ಹನ್ನೊಂದು ತಿಂಗಳು ಬೇಕಾಯಿತು. ಈ ನಡುವೆ ಶ್ರೀಲಂಕಾದ ವೀಸಾ ನಿಯಮ ಎಷ್ಟು ಸಲ ಮಗ್ಗಲು ಬದಲಿಸಿತು ಅಂತ ನನ್ನ ಡೈರಿಯಲ್ಲಿ ಲೆಕ್ಕ ಇದೆ. ಅಪ್ಪನ ಹೆಸರು ಎಷ್ಟು ಸಲ ಬದಲಾಯಿತು ಅನ್ನುವುದೂ ಇದೆ.

ಶುರುವಾದದ್ದು 2024ರ ಫೆಬ್ರವರಿ 20ಕ್ಕೆ. ಅವತ್ತು ರೇಡಿಯೋ ನಿರೂಪಕ ಅಮೀನ್ ಸಯಾನಿ ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂತು. ಜಿಎಸ್‌ಟಿಯ ತಿಂಗಳ 3ಬಿ ರಿಟರ್ನ್ ತುಂಬುವ ಕೊನೆಯ ದಿನ ಅದು. ನಾನು ಕೊಪ್ಪಿಕರ ರೋಡಿನ ಆಫೀಸಿನಿಂದ ಕೇಶ್ವಾಪುರದ ಮನೆಗೆ ಬರುವಷ್ಟರಲ್ಲಿ ರಾತ್ರಿ ಹತ್ತು ದಾಟಿತ್ತು. ಅಪ್ಪ ಪಡಸಾಲೆಯಲ್ಲಿ ದೀಪ ಹಚ್ಚದೆ ಕೂತಿದ್ದರು. "ಹೋಗಿಬಿಟ್ರಲ್ಲವಾ" ಅಂದರು. ಯಾರೋ ಬೀಗರು ಅಂತ ನನಗೆ ಎದೆ ಧಸಕ್ಕೆಂದಿತು.

ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಎಪ್ಪತ್ತರ ದಶಕದಲ್ಲಿ, ಗದಗ ರೋಡಿನ ಕ್ವಾರ್ಟರ್ಸಿನಲ್ಲಿ, ಮೊದಲ ಬೋನಸ್ಸಿನಲ್ಲಿ ಕೊಂಡದ್ದು ಒಂದು ಟ್ರಾನ್ಸಿಸ್ಟರ್. ಆಗ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಬುಧವಾರ ರಾತ್ರಿ 8 ಆಯಿತೆಂದರೆ ಶಾರ್ಟ್ ವೇವ್‌ನಲ್ಲಿ ಕೊಲಂಬೋದ ರೇಡಿಯೋ ಸಿಲೋನ್, ಅದರಲ್ಲಿ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತ್‌ಮಾಲಾ. "ಬೆಹನೋ ಔರ್ ಭಾಯಿಯೋ" ಅನ್ನುವ ಸಯಾನಿಯ ಆ ದನಿ. "ಹತ್ತಿರ ಬಂದು ದೂರ ಹೋಗತಿತ್ತು, ಜೋಕಾಲಿ ಆಡಿದಂಗ" ಅನ್ನುತ್ತಾರೆ ಅಪ್ಪ. ಅವ್ವನ ನೆನಪು ಬೇರೆ: "ಬುಧವಾರ ರೊಟ್ಟಿ ಆರಿ ಹೋಗತಿದ್ವು. ಕರದರ ಬರತಿದ್ದಿಲ್ಲ ನಿಮ್ಮಪ್ಪ."

ಧಾರವಾಡ ಆಕಾಶವಾಣಿ 1950ರಿಂದಲೂ ಇತ್ತು. ಮಗ್ಗಲಲ್ಲೇ ಸ್ಟೇಷನ್ ಇಟ್ಟುಕೊಂಡು ಸಮುದ್ರದಾಚೆಯ ರೇಡಿಯೋ ಯಾಕೆ? 1952ರಲ್ಲಿ ಕೇಂದ್ರದ ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವು ಹೆಚ್ಚುಕಡಿಮೆ ನಿಂತೇಹೋದವು. ಕೊಲಂಬೋದಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರಿಗಾಗಿ ಹಾಕಿದ್ದ ದೊಡ್ಡ ಟ್ರಾನ್ಸ್‌ಮಿಟರ್ ಇತ್ತು. ಇಲ್ಲಿ ಬೇಡವಾದ ಹಾಡು ಅಲ್ಲಿಂದ ಬರತೊಡಗಿತು. ವಿವಿಧ ಭಾರತಿ ಬಂದದ್ದು 1957ರಲ್ಲಿ. ಅಷ್ಟರಲ್ಲಿ ಊರೆಲ್ಲ ಸಿಲೋನ್‌ಗೆ ಒಗ್ಗಿಹೋಗಿತ್ತು. ನಿಯಮ ಮಾಡುವವರಿಗೆ ತಮ್ಮ ನಿಯಮ ಜನರನ್ನು ಯಾವ ಕಡೆ ತಳ್ಳುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ನಾನು ಜಿಎಸ್‌ಟಿ ಕೆಲಸ ಮಾಡುವವಳು, ದಿನಾ ನೋಡುತ್ತೇನೆ.

"ಅಂವಾ ಕೂತು ಮಾತಾಡಿದ ಜಾಗ ಒಮ್ಮೆ ನೋಡಬೇಕಿತ್ತು ನೋಡು" ಅಂದರು ಅಪ್ಪ. ಎಪ್ಪತ್ತೊಂದು ವರ್ಷದ ಮನುಷ್ಯ, ಕಾಶಿ ಕೇಳಲಿಲ್ಲ, ಕೇದಾರ ಕೇಳಲಿಲ್ಲ. ನಾನು ಹೂಂ ಅಂದುಬಿಟ್ಟೆ.

ಅವತ್ತೇ ರಾತ್ರಿ ಮೊಬೈಲ್ ತೆಗೆದು ಓದುತ್ತ ಕೂತವಳಿಗೆ ಒಂದು ವಿಷಯ ಸಿಕ್ಕಿತು. ಸಯಾನಿ ಕಾರ್ಯಕ್ರಮ ರೆಕಾರ್ಡ್ ಮಾಡುತ್ತಿದ್ದದ್ದು ಮುಂಬಯಿಯಲ್ಲಿ. ಟೇಪ್ ಮಾತ್ರ ವಿಮಾನದಲ್ಲಿ ಕೊಲಂಬೋಕ್ಕೆ ಹೋಗುತ್ತಿತ್ತು. ಅಲ್ಲಿಂದ ದನಿ ತಿರುಗಿ ನಮ್ಮ ಗದಗ ರೋಡಿಗೆ. ಇದನ್ನು ಅಪ್ಪನಿಗೆ ಹೇಳುವುದೋ ಬೇಡವೋ ಅಂತ ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, "ಇರಲಿ. ದನಿ ನನಗ ಬಂದದ್ದು ಅಲ್ಲಿಂದನ ಹೌದಿಲ್ಲವಾ?" ಅಂದರು. ಹೌದು.

ಆ ಹೊತ್ತಿಗೆ ಕೊಲಂಬೋಕ್ಕೆ ಹೋಗುವುದು ಬಲು ಸುಲಭ ಅನ್ನಿಸಿತ್ತು. 2023ರ ಅಕ್ಟೋಬರ್‌ನಲ್ಲಿ ಶ್ರೀಲಂಕಾ ಸರಕಾರ ಏಳು ದೇಶದವರಿಗೆ ವೀಸಾ ಶುಲ್ಕ ತೆಗೆದಿತ್ತು. ಭಾರತವೂ ಅದರಲ್ಲಿತ್ತು. ಆದರೆ ಅದು ಪ್ರಯೋಗಕ್ಕೆ ಅಂತ, 2024ರ ಮಾರ್ಚ್ 31ರವರೆಗೆ. ಇನ್ನೂ ಒಂದು ತಿಂಗಳಿದೆ, ಪಾಸ್‌ಪೋರ್ಟ್ ಮಾಡಿಸಿ ಓಡಿಬಿಡೋಣ ಅಂದುಕೊಂಡೆ. ನನಗೇ ಈಗ ನಗು ಬರುತ್ತದೆ.

ಅರ್ಜಿ ತುಂಬಲು ಕೂತೆವು. 60 ದಾಟಿದವರಿಗೆ ಫೀಯಲ್ಲಿ ಶೇಕಡಾ 10 ಬಿಡುತ್ತಾರೆ, 1500 ರೂಪಾಯಿ ಇದ್ದದ್ದು 1350. ಅಪ್ಪ ಖುಷಿಯಾದರು. ಹುಟ್ಟಿದ ದಿನ ಜೂನ್ 1, 1952. ನಮ್ಮ ಕಡೆ ಆ ತಲೆಮಾರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು, ಮಾಸ್ತರರ ಕೃಪೆ. ಅದು ಸರಿಹೋಯಿತು. ಮುಂದೆ, ನಿಮಗೆ ಬೇರೆ ಯಾವುದಾದರೂ ಹೆಸರು ಇತ್ತೇ ಅನ್ನುವ ಪ್ರಶ್ನೆ.

"ನಮ್ಮವ್ವ ಈರ್ಯಾ ಅಂತಿದ್ಲು. ಅದನ್ನೂ ಬರೀಬೇಕೇನು?"

ನಕ್ಕು ಇಲ್ಲ ಅಂತ ಒತ್ತಿದೆ. ಅಲ್ಲೇ ತಪ್ಪಾಯಿತು. ಆಧಾರ್‌ನಲ್ಲಿ, ಪಿಂಚಣಿ ಪುಸ್ತಕದಲ್ಲಿ ಅವರು ವೀರಪ್ಪ. ಪ್ಯಾನ್ ಕಾರ್ಡಿನಲ್ಲಿ, ಶಾಲೆಯ ಟಿ.ಸಿ.ಯಲ್ಲಿ ಈರಪ್ಪ. ಮನೆಯಲ್ಲಿ ಯಾರಿಗೂ ಇವೆರಡು ಬೇರೆ ಹೆಸರು ಅನ್ನಿಸಿಯೇ ಇರಲಿಲ್ಲ. ಈರಭದ್ರ, ವೀರಭದ್ರ ಅಂದಂಗೆ ಅಲ್ವಾ? ಕಂಪ್ಯೂಟರಿಗೆ ಹಂಗಲ್ಲ. ಪಾಸ್‌ಪೋರ್ಟ್ ಕೇಂದ್ರದ ಎ ಕೌಂಟರ್ ದಾಟಲಿಲ್ಲ ನಾವು. ಬಿ, ಸಿ ಹೆಂಗಿರುತ್ತವೆ ಅಂತ ನೋಡಿಬಂದದ್ದು ಅವ್ವ ಒಬ್ಬಳೇ. ನಾಲ್ಕನೇ ಇಯತ್ತೆ ಕಲಿತವಳು, ಎಲ್ಲ ಕಾಗದದಲ್ಲೂ ಒಂದೇ ಹೆಸರು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನು ಹೇಳಿಕೊಂಡೇ ಬಂದಳು.

ನನಗೆ ನನ್ನ ಮೇಲೇ ಸಿಟ್ಟು. ಊರ ವ್ಯಾಪಾರಿಗಳ ಪ್ಯಾನು, ಆಧಾರು ಹೊಂದಿಸಿಕೊಡುವುದು ನನ್ನ ದಂಧೆ. ಅಪ್ಪನ ಕಾಗದ ಒಮ್ಮೆಯೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಪ್ಯಾನ್ ತಿದ್ದಿಸಿ, ಮತ್ತೆ ದಿನಾಂಕ ಸಿಕ್ಕು, ಎ ಬಿ ಸಿ ಮೂರೂ ದಾಟುವಷ್ಟರಲ್ಲಿ ಏಪ್ರಿಲ್. ಪೊಲೀಸ್ ವೆರಿಫಿಕೇಶನ್ ಬಾಕಿ. ಮೇ 7ಕ್ಕೆ ಧಾರವಾಡ ಕ್ಷೇತ್ರದ ಲೋಕಸಭೆ ಮತದಾನ, ಪೊಲೀಸರೆಲ್ಲ ಅದರಲ್ಲಿ. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬಂದದ್ದು ಜೂನ್‌ನಲ್ಲಿ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ನೋಡಿದ್ದು ಫೋಟೋ ಅಲ್ಲ, ಹೆಸರು. "ವೀರಪ್ಪ. ಆತು ಬಿಡು, ಇನ್ನ ಮುಂದ ವೀರಪ್ಪ."

ನಾವು ಇಲ್ಲಿ ಈರಪ್ಪನನ್ನು ವೀರಪ್ಪ ಮಾಡುತ್ತಿರುವಾಗ ಅಲ್ಲಿ ಸಮುದ್ರದಾಚೆ ಬೇರೆಯೇ ನಾಟಕ ನಡೆದಿತ್ತು. ಏಪ್ರಿಲ್ 17ಕ್ಕೆ ಶ್ರೀಲಂಕಾ 2012ರಿಂದ ನಡೆಸಿಕೊಂಡು ಬಂದಿದ್ದ ಇಟಿಎ, ಅಂದರೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪ್ರವೇಶಾನುಮತಿ ಪಡೆಯುವ ಪದ್ಧತಿ ಬಿಟ್ಟು, ವೀಸಾ ಅರ್ಜಿಯ ಕೆಲಸವನ್ನು ಹೊರಗಿನ ಖಾಸಗಿ ಕಂಪನಿಗಳಿಗೆ ವಹಿಸಿತು. ಶುಲ್ಕದ ಜೊತೆ ಸರ್ವಿಸ್ ಚಾರ್ಜ್ ಸೇರಿಕೊಂಡಿತು. ಮೇ ತಿಂಗಳ ಮೊದಲಲ್ಲಿ ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಒಬ್ಬರು ಇದರ ಬಗ್ಗೆ ಕೂಗಾಡಿದ ವಿಡಿಯೋ ಎಲ್ಲ ಕಡೆ ಓಡಾಡಿತು. ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು. ಸರಕಾರ ಒಂದು ಹೆಜ್ಜೆ ಹಿಂದೆ ಸರಿಯಿತು, ಏಳು ದೇಶದ ಉಚಿತ ವೀಸಾ ಮುಂದುವರಿಯುತ್ತದೆ ಅಂತ ಹೇಳಿತು. ಆಗಸ್ಟ್ 2ಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಹೊಸ ಪದ್ಧತಿಗೆ ತಡೆ ಕೊಟ್ಟು, ಹಳೆಯದನ್ನೇ ನಡೆಸಿ ಅಂದಿತು. ಆದರೂ ಹಳೆಯದು ಬರಲಿಲ್ಲ. ಸೆಪ್ಟೆಂಬರ್ ಕೊನೆಗೆ, ಆದೇಶ ಪಾಲಿಸಿಲ್ಲ ಅಂತ ವಲಸೆ ಇಲಾಖೆಯ ಮುಖ್ಯಸ್ಥರನ್ನೇ ಕೋರ್ಟು ಜೈಲಿಗೆ ಕಳಿಸಿತು. ಒಂದೆರಡು ದಿನದಲ್ಲಿ ಇಟಿಎ ವಾಪಸ್ ಬಂತು!

"ನಮ್ಮ ರೈಲ್ವೆ ಟೈಂ ಟೇಬಲ್ ಬದಲಾದ್ರ ವರ್ಷಕ್ಕೊಮ್ಮೆ ಪುಸ್ತಕನರ ಬರತಿತ್ತು" ಅಂದರು ಅಪ್ಪ.

ಇದರ ನಡುವೆ ಇನ್ನೊಂದು. ಆಗಸ್ಟ್‌ನಲ್ಲಿ ಶ್ರೀಲಂಕಾ ಸಂಪುಟ 35 ದೇಶಗಳಿಗೆ ಅಕ್ಟೋಬರ್ 1ರಿಂದ ಉಚಿತ ವೀಸಾ ಅಂತ ತೀರ್ಮಾನ ಮಾಡಿತು. ಪೇಪರಿನಲ್ಲೆಲ್ಲ ಬಂತು. ನಮ್ಮ ಓಣಿಯಲ್ಲೇ ನನಗೆ ಐದು ಜನ ಕಳಿಸಿದರು, "ಅಕ್ಕಾ, ನಿಮ್ಮ ಕೆಲಸ ಆತು" ಅಂತ. ನಾನು ಹಿಗ್ಗಲಿಲ್ಲ. ಜಿಎಸ್‌ಟಿ ಕೌನ್ಸಿಲ್ ಸಭೆ ಮುಗಿದ ರಾತ್ರಿ ಟೀವಿಯಲ್ಲಿ ಇಂಥಾದ್ದಕ್ಕೆ ತೆರಿಗೆ ಇಳಿಯಿತು ಅಂತ ಬರುತ್ತದೆ. ಮರುದಿನ ಬೆಳಿಗ್ಗೆ ಅಂಗಡಿಯವರು ಫೋನ್ ಮಾಡುತ್ತಾರೆ, ಇವತ್ತಿನ ಬಿಲ್ಲಿಗೆ ಹೊಸ ದರ ಹಾಕಲೇನ್ರಿ ಅಂತ. ಇಲ್ರಿ, ನೋಟಿಫಿಕೇಶನ್ ಬರಲಿ, ಅದರಲ್ಲಿ ಯಾವ ತಾರೀಖಿನಿಂದ ಅಂತಿದೆ ನೋಡೋಣ ಅನ್ನುತ್ತೇನೆ. ಸಭೆಯಲ್ಲಿ ಆದದ್ದು ಮಾತು, ಗೆಜೆಟ್ಟಿನಲ್ಲಿ ಬಂದದ್ದು ನಿಯಮ. ಶ್ರೀಲಂಕಾದಲ್ಲಿ ಸೆಪ್ಟೆಂಬರ್ 21ಕ್ಕೆ ಅಧ್ಯಕ್ಷರ ಚುನಾವಣೆ, ಹೊಸ ಅಧ್ಯಕ್ಷರು ಬಂದ ಕೂಡಲೇ ಸಂಸತ್ತು ವಿಸರ್ಜನೆ. ಅಕ್ಟೋಬರ್ 1 ಬಂತು, ಹೋಯಿತು. 35 ದೇಶದ್ದು ಜಾರಿಗೆ ಬರಲಿಲ್ಲ. ನಮಗೆ ಏಳು ದೇಶದ ಹಳೆಯ ರಿಯಾಯಿತಿ ಇದ್ದದ್ದರಿಂದ ನಷ್ಟವೇನೂ ಆಗಲಿಲ್ಲ. 30 ದಿನದ ಇಟಿಎ, ಆಗ ಶುಲ್ಕ ಇರಲಿಲ್ಲ, ಆದರೆ ಅರ್ಜಿ ಹಾಕಲೇಬೇಕಿತ್ತು. ಫ್ರೀ ಅಂದರೆ ಅರ್ಜಿ ಬೇಡ ಅಂತ ಬಹಳ ಜನ ತಿಳಿದಿದ್ದಾರೆ.

ಅರ್ಜಿ ಹಾಕುವಾಗ ನಾನೂ ಒಮ್ಮೆ ಎಡವಿದೆ, ಹೇಳಿಬಿಡುತ್ತೇನೆ. ಹುಡುಕಿದಾಗ ಮೊದಲು ಬಂದ ಸೈಟಿನಲ್ಲಿ ಸಿಂಹದ ಚಿತ್ರ, ಬಾವುಟ ಎಲ್ಲ ಇತ್ತು. ಮೂರೂ ಜನರ ವಿವರ ತುಂಬಿದೆ. ಕೊನೆಗೆ ಒಬ್ಬೊಬ್ಬರಿಗೆ ನಾಲ್ಕು ಸಾವಿರ ಚಿಲ್ಲರೆ ಕೇಳಿತು. ಉಚಿತ ಇದ್ದದ್ದಕ್ಕೆ ದುಡ್ಡು ಯಾಕೆ ಅಂತ ಮೇಲೆ ನೋಡಿದರೆ ವಿಳಾಸ ಡಾಟ್ ಕಾಮ್. ಸರಕಾರದ್ದು ಕೊನೆಯಲ್ಲಿ ಗವ್ ಡಾಟ್ ಎಲ್‌ಕೆ ಅಂತ ಇರಬೇಕು. ದುಡ್ಡು ಹೋಗಲಿಲ್ಲ, ಮೂರು ಪಾಸ್‌ಪೋರ್ಟ್ ನಂಬರು ಯಾರದೋ ಕೈಗೆ ಹೋದವು. ಅಪ್ಪನಿಗೆ ಇದನ್ನು ಹೇಳಿಲ್ಲ.

ಒಬ್ಬ ಟೂರ್ ಏಜೆಂಟರ ಹತ್ತಿರವೂ ಹೋಗಿದ್ದೆವು. ಅವರ ಪ್ಯಾಕೇಜಿನಲ್ಲಿ ಕ್ಯಾಂಡಿ, ನುವರ ಎಲಿಯ, ರಾವಣ, ಅಶೋಕವನ ಎಲ್ಲ ಇತ್ತು. ಕೊಲಂಬೋಕ್ಕೆ ಅರ್ಧ ದಿನ. "ಐದು ದಿನ ಅಲ್ಲಿ ಏನ್ ಮಾಡ್ತೀರ್ರಿ ಅಜ್ಜಾರ?" ಅಂದರು. ಅಪ್ಪ ರೇಡಿಯೋ ಸ್ಟೇಷನ್ ಅಂದಾಗ ಅವರು ನನ್ನ ಮುಖ ನೋಡಿದರು. ಅದೂ ಅಲ್ಲದೆ, ವಿದೇಶ ಪ್ಯಾಕೇಜಿಗೆ ಆಗ ಶೇಕಡಾ 5 ಟಿಸಿಎಸ್ ಇತ್ತು, ಅಂದರೆ ಏಜೆಂಟರು ಮೊದಲೇ ಹಿಡಿದುಕೊಳ್ಳುವ ತೆರಿಗೆ. ಆಮೇಲೆ ರಿಟರ್ನಿನಲ್ಲಿ ಸಿಗುತ್ತದೆ ನಿಜ, ಆದರೆ ಮೊದಲು ಕಟ್ಟಬೇಕಲ್ಲ. ಬೆಂಗಳೂರಿನಿಂದ ನೇರ ವಿಮಾನ ಇದೆ. ನಾವೇ ಮಾಡಿಕೊಳ್ಳೋಣ ಅಂತ ಎದ್ದು ಬಂದೆವು.

ಅಪ್ಪನಿಗೆ ವಿಮಾನವೇ ಬೇಡವಾಗಿತ್ತು. ರೈಲ್ವೆ ಮನುಷ್ಯ. ಹಿಂದೆ ಮದ್ರಾಸಿನ ಎಗ್ಮೋರ್‌ನಿಂದ ಬೋಟ್ ಮೇಲ್ ಇತ್ತು. ಪಾಂಬನ್ ಸೇತುವೆ ದಾಟಿ ಧನುಷ್ಕೋಡಿ, ಅಲ್ಲಿ ರೈಲಿನಿಂದ ಇಳಿದು ಹಡಗು, ಆಚೆ ದಡದ ತಲೈಮನ್ನಾರ್‌ನಲ್ಲಿ ಮತ್ತೆ ರೈಲು, ಕೊಲಂಬೋ. 1964ರ ಡಿಸೆಂಬರ್‌ನಲ್ಲಿ ಬಂದ ಚಂಡಮಾರುತ ಧನುಷ್ಕೋಡಿಯನ್ನೇ ನುಂಗಿತು. ವರ್ಕ್‌ಶಾಪಿನ ಹಿರಿಯ ಮೇಸ್ತ್ರಿಯೊಬ್ಬರು ಇದನ್ನು ಕಣ್ಣಾರೆ ಕಂಡಂತೆ ಹೇಳುತ್ತಿದ್ದರಂತೆ. ಈಗ ನಾಗಪಟ್ಟಣದಿಂದ ಜಾಫ್ನಾ ಹತ್ತಿರದ ಕಾಂಕೇಸನ್‌ತುರೈಗೆ ಹಡಗು ಬಿಟ್ಟಿದ್ದಾರೆ ಅಂತ ಅಪ್ಪ ಪೇಪರಿನ ತುಂಡು ಕತ್ತರಿಸಿ ಇಟ್ಟಿದ್ದರು. 2023ರ ಅಕ್ಟೋಬರ್ 14ಕ್ಕೆ ಶುರುವಾಗಿ ಕೆಲವೇ ದಿನದಲ್ಲಿ ಮಳೆಗಾಳಿಗೆ ನಿಂತಿತು, 2024ರ ಆಗಸ್ಟ್ 16ಕ್ಕೆ ಮತ್ತೆ ಶುರು. ನಾನು ಬೇಡ ಅಂದೆ. ಕಡಲಿನ ಮೂಡು ನೋಡಿಕೊಂಡು ಹೊರಡುವ ಹಡಗಿಗೆ ವಾಪಸ್ ಬರುವ ತಾರೀಖು ಹೇಳಲು ಆಗುವುದಿಲ್ಲ. ಇಳಿದ ಮೇಲೂ ಕೊಲಂಬೋ ಸುಮಾರು 400 ಕಿ.ಮೀ. ಅವ್ವ ನನ್ನ ಪಕ್ಷ. ಒಪ್ಪಂದ ಏನಾಯಿತೆಂದರೆ, ಬೆಂಗಳೂರಿನವರೆಗೆ ಪಾಸಿನ ಮೇಲೆ ರೈಲು, ಮುಂದೆ ವಿಮಾನ.

ತಾರೀಖು ಹಿಡಿಯುವುದು ವೀಸಾಕ್ಕಿಂತ ಕಷ್ಟವಾಯಿತು. ಕೊಲಂಬೋದಲ್ಲಿ ಮೇಯಿಂದ ಮಳೆ, ಅಕ್ಟೋಬರ್ ನವೆಂಬರಿನಲ್ಲಿ ಮತ್ತೆ ಮಳೆ. ಡಿಸೆಂಬರ್‌ನಿಂದ ಮಾರ್ಚ್ ಚಲೋ. ಫೆಬ್ರವರಿ 4 ಅವರ ಸ್ವಾತಂತ್ರ್ಯ ದಿನ, ಈ ಸಲ ಪರೇಡ್ ಆಗುವುದು ಇಂಡಿಪೆಂಡೆನ್ಸ್ ಸ್ಕ್ವೇರ್‌ನಲ್ಲಿ. ನಮ್ಮ ರೇಡಿಯೋ ಕಟ್ಟಡ ಅಲ್ಲೇ ಇರುವುದು. ರಸ್ತೆ ಮುಚ್ಚಿರುತ್ತಾರೆ, ಆ ವಾರ ಬೇಡ. ಫೆಬ್ರವರಿ 12 ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಗೂ ಸರಕಾರಿ ರಜೆ, ಪೋಯಾ ಅನ್ನುತ್ತಾರೆ. ಈ ಹುಣ್ಣಿಮೆಗೆ ಗಂಗಾರಾಮಯ ದೇವಾಲಯದ ಆನೆಗಳ ಮೆರವಣಿಗೆ ಇರುತ್ತದೆ. ಅವ್ವನಿಗೆ ತೋರಿಸೋಣ ಅಂತ ಆಸೆಯಿಂದ ಹೇಳಿದರೆ, "ಅವತ್ತು ಭಾರತ ಹುಣ್ಣಿಮಿ. ನಾ ಎಲ್ಲಮ್ಮನ ಗುಡ್ಡಕ್ಕ ಹೋಗಾಕಿ" ಅಂದಳು. ನಲವತ್ತು ವರ್ಷದಿಂದ ತಪ್ಪಿಸಿಲ್ಲ. ಸವದತ್ತಿಯ ಮುಂದೆ ಕೊಲಂಬೋದ ಆನೆ ನಿಲ್ಲಲಿಲ್ಲ.

ಮುಂದೆ 26ಕ್ಕೆ ಶಿವರಾತ್ರಿ, ಮರುದಿನ ಸಿದ್ಧಾರೂಢರ ತೇರು. ಅಪ್ಪ ಅದಕ್ಕೆ ಊರಲ್ಲಿರಲೇಬೇಕು. ಉಳಿದದ್ದು 17ರಿಂದ 22. ಅದರ ನಟ್ಟನಡುವೆ 20, ನನ್ನ 3ಬಿ. ಈ ಜನವರಿಯಲ್ಲೇನೋ 20ರ ಗಡುವು 22ಕ್ಕೆ ಹೋಯಿತು, ಫೆಬ್ರವರಿಯಲ್ಲೂ ಹಾಗೆ ಆಗಲಿ ಅಂತ ಕಾಯಲು ಆಗುತ್ತದೆಯೇ? ನಾನು ಲೆಕ್ಕ ನೋಡುವ ಎಲ್ಲ ಪಾರ್ಟಿಗಳಿಗೂ ಹೇಳಿದ್ದೇನೆ, 14ರೊಳಗೆ ಬಿಲ್ ಕೊಟ್ಟವರದು ಮುಗಿಸಿ ಹೋಗುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ರಫ್ತು ಮಾಡುವ ನಮ್ಮ ಪಾರ್ಟಿಯೊಬ್ಬರು ನಕ್ಕರು. ಅವರ ಮಾಲಿನ ಕಾಗದದಲ್ಲಿ ಹಡಗು ಬದಲಿಸುವ ಬಂದರು ಅಂತ ಎಷ್ಟೋ ಸಲ ಕೊಲಂಬೋ ಹೆಸರೇ ಇರುತ್ತದೆ. "ನಮ್ಮ ಮೆಣಸಿನಕಾಯಿ ಹತ್ತು ಸಲ ಹೋಗಿ ಬಂದಾವ್ರಿ ಮೇಡಂ, ನೀವು ಈಗ ಹೊಂಟೀರಿ" ಅಂದರು.

17ರಿಂದ 22 ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಿದ್ದೆ. ಅಪ್ಪ ಹಿಂದೆ ಬಂದು ನಿಂತರು. ಬೆರಳಿಟ್ಟು, "19 ಬುಧವಾರ ಬರತೈತಿ" ಅಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮರುದಿನ 20, ಸಯಾನಿ ಹೋಗಿ ವರ್ಷ.

ಹಾಗಾಗಿ ಕಾರ್ಯಕ್ರಮ ಅಂತ ಇರುವುದು ಇದೊಂದೇ. ಬುಧವಾರ ರಾತ್ರಿ 8ಕ್ಕೆ ಆ ಕಟ್ಟಡದ ಎದುರಿನ ರಸ್ತೆಯಲ್ಲಿ ನಿಂತಿರಬೇಕು. ಒಳಗೆ ಬಿಡುತ್ತಾರೆ ಅನ್ನುವ ಭರವಸೆ ನಾನು ಕೊಟ್ಟಿಲ್ಲ. ರೇಡಿಯೋ ಸಿಲೋನ್ ಅನ್ನುವ ಹೆಸರೂ ಈಗ ಇಲ್ಲ, 1967ರಲ್ಲೇ ಅದು ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಶನ್ ಆಯಿತು. ಅಪ್ಪನಿಗೆ ದೇಶವೇ ಇನ್ನೂ ಸಿಲೋನ್. ಉಳಿದ ದಿನ ಗಾಲ್ ಫೇಸ್ ಬಯಲಲ್ಲಿ ಕೂತು ಹಡಗು ನೋಡುವುದು, ಪೆಟ್ಟಾ ಬಜಾರದಲ್ಲಿ ಕೆಂಪು ಮಸೀದಿ, ಅಪ್ಪನಿಗಾಗಿ ಫೋರ್ಟ್ ರೈಲ್ವೆ ಸ್ಟೇಷನ್.

ಊಟದ ಚಿಂತೆ ಅವ್ವನದು. ಅಲ್ಲಿ ಕಾಯಿಪಲ್ಯದ ಪಲ್ಯಕ್ಕೂ ಕೊಬ್ಬರಿ ಚಟ್ನಿಗೂ ಒಣಮೀನಿನ ಪುಡಿ ಹಾಕುವ ರೂಢಿ ಇದೆ. ಉಂಬಲಕಡ ಅನ್ನುತ್ತಾರೆ. ಆ ಶಬ್ದ ಅವ್ವನಿಗೆ ಬಾಯಿಪಾಠ ಮಾಡಿಸಿದ್ದೇನೆ, ಮೊದಲು ಅದನ್ನೇ ಕೇಳಬೇಕು. ವೆಲ್ಲವತ್ತೆಯಲ್ಲಿ ತಮಿಳರ ಸಸ್ಯಾಹಾರಿ ಖಾನಾವಳಿಗಳಿವೆ, ಅವಕ್ಕೆ ಸೈವ ಅಂತಲೇ ಹೆಸರು. "ಶೈವರ ಖಾನಾವಳಿ? ಮತ್ತ ನಮ್ಮವರ ಅದಾರ ಬಿಡು" ಅಂದಳು. ಆದರೂ ಖಡಕ್ ರೊಟ್ಟಿ ಐವತ್ತು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಡಬ್ಬಿಗೆ ಬೀಳುವುದು ಬಿಟ್ಟಿಲ್ಲ.

ದುಡ್ಡಿನದು ಬೇಗ ಹೇಳಿಬಿಡುತ್ತೇನೆ. ನಮ್ಮ ಒಂದು ರೂಪಾಯಿಗೆ ಅಲ್ಲಿನದು 3.5ರ ಹತ್ತಿರ. 2024ರ ಫೆಬ್ರವರಿ 12ರಿಂದ ಅಲ್ಲಿ ಯುಪಿಐ ಕೂಡ ಶುರುವಾಗಿದೆ. ಆದರೂ ನಗದು ಇಟ್ಟುಕೊಂಡೇ ಹೋಗುತ್ತೇನೆ. ಹೊರಡುವ ಮೂರು ದಿನ ಮೊದಲು, ಹಿಂದಿನ ದಿನ, ಹೀಗೆ ಎರಡು ಸಲ ವಲಸೆ ಇಲಾಖೆಯ ಸೈಟ್ ತೆಗೆದು ನಿಯಮ ಮತ್ತೆ ನೋಡಬೇಕು ಅಂತ ಡೈರಿಯಲ್ಲಿ ಬರೆದಿದ್ದೇನೆ. ಗ್ರೂಪಿಗೆ ಬಂದದ್ದನ್ನಲ್ಲ.

ನಿನ್ನೆ ಅಪ್ಪ ಟ್ರಂಕಿನಿಂದ ಆ ಟ್ರಾನ್ಸಿಸ್ಟರ್ ತೆಗೆದು ಒರೆಸುತ್ತಿದ್ದರು. ಹೊಸ ಸೆಲ್ ಹಾಕಿದ್ದಾರೆ. ಕೈಚೀಲದಲ್ಲಿ ಇಟ್ಟುಕೊಳ್ಳಿ, ದೊಡ್ಡ ಬ್ಯಾಗಿನಲ್ಲಿ ಒಡೆಯುತ್ತದೆ ಅಂದೆ. ಚೆಕಿಂಗ್‌ನಲ್ಲಿ ತೆಗೆಸಿ ನೋಡುತ್ತಾರೆ, ಗಾಬರಿ ಆಗಬೇಡಿ ಅಂತಲೂ ಅಂದೆ. ಲೈಸೆನ್ಸ್ ಪುಸ್ತಕ ಜೊತೆಗೆ ಇಟ್ಟುಕೊಳ್ಳಲೇನು ಅಂತ ಕೇಳಿದರು. ಚೇಷ್ಟೆಯೋ ನಿಜವೋ ಗೊತ್ತಾಗಲಿಲ್ಲ.

ಆಮೇಲೆ ಕೈಗಡಿಯಾರ ತೋರಿಸಿದರು. "ಅಲ್ಲಿ ಹೋದ ಮ್ಯಾಲೆ ಇದನ್ನ ಎಷ್ಟು ತಿರುವಬೇಕವಾ?"

ತಿರುವುವುದು ಬೇಡಪ್ಪಾ ಅಂದೆ. ನಡುವೆ ಒಂದಷ್ಟು ವರ್ಷ ಅವರದು ಬೇರೆ ಇತ್ತು, 2006ರಿಂದ ನಮ್ಮದೇ ಟೈಮು. ಇಲ್ಲಿ 8 ಅಂದರೆ ಅಲ್ಲೂ 8.

"ಹಂಗಾರ ಲಗೂನ ಊಟಾ ಮುಗಿಸಬೇಕು" ಅಂದರು. ಅಡುಗೆಮನೆಯಿಂದ ಅವ್ವ, "ಈಗರ ಬಿಸಿ ರೊಟ್ಟಿ ತಿನ್ರಿ" ಅಂದಳು.